ಕೆಂಪು ಕಾಗದದ ಮೀಸೆ

ಫೆಬ್ರವರಿ 2, ಭಾನುವಾರ

ಬೆಳಿಗ್ಗೆ ಪ್ರಾಕ್ಟೀಸ್. ಹಾರ್ಮೋನಿಯಂ ಮೇಷ್ಟ್ರು ಕೈ ಮುಗಿದರು. "ಶಂಕ್ರಪ್ಪ, ನಿಂಗ್ಯಾಕಪ್ಪ ಮೈಕು? ಪಿರಿಯಾಪಟ್ಟಣದಲ್ಲಿ ನೀನು ಕೂಗಿದ್ರೆ ಹುಣಸೂರಲ್ಲಿ ದನ ಬೆದರ್ತವೆ." ಸುಳ್ಳಲ್ಲ. ಏಳನೇ ವಯಸ್ಸಿಗೆ ಬಣ್ಣ ಹಚ್ಚಿದವನ ಗಂಟಲು. ಈಗ ನಲವತ್ತಾರು.

ಈ ಸಲವೂ ನಾನು ಸೋಲುವ ರಾಜ. ಕಂಠಪ್ಪಣ್ಣ ಗೆಲ್ಲುವ ವೀರ. ಕೊನೆಯ ದೃಶ್ಯದಲ್ಲಿ ಒಡಹುಟ್ಟಿದ ಅಣ್ಣನೇ ಗದೆ ಎತ್ತಿ ನನ್ನ ಕಾಲು ಮುರಿಯುತ್ತಾನೆ. ಹತ್ತೊಂಬತ್ತು ವರ್ಷದಿಂದ ಮುರಿಯುತ್ತಿದ್ದಾನೆ! ಜನ ಶಿಳ್ಳೆ ಹೊಡೆದು 'ಒನ್ಸ್ ಮೋರ್' ಅಂದರೆ ಸತ್ತವನು ಎದ್ದು ಮತ್ತೆ ಸಾಯಬೇಕು. ನಮ್ಮ ಕಡೆಯ ನಾಟಕದ ಕಾನೂನು ಅದು.

ಮಧ್ಯಾಹ್ನ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪ್. ಮನೆಯಲ್ಲಿ ಹೇಳಿದ್ದು — ಡ್ರೆಸ್ ಹೊಲಿಸೋಕೆ. ಗೊಂಪೊನ ಟೈಲರ್ ಅಂಗಡಿ. ಮೂರು ವರ್ಷವಾಯಿತು, ನನ್ನ ಒಂದು ಅಂಗಿಯ ಅಳತೆ ಇನ್ನೂ ಮುಗಿದಿಲ್ಲ.

ಟಿಬೆಟ್ಟಿನ ಅವನ ಊರಲ್ಲಿ ಗೋಡೆಯಾಚೆ ಒಬ್ಬಳು ಚೀನೀ ಅಜ್ಜಿ ಇದ್ದಳಂತೆ. ಹೊಸ ವರ್ಷಕ್ಕೆ ಕೆಂಪು ಕಾಗದ ಮಡಿಸಿ, ಕತ್ತರಿಸಿ, ಕಿಟಕಿಗೆ ಅಂಟಿಸುವಳು. ಮೀನು, ಹಕ್ಕಿ, ಮದುಮಕ್ಕಳು. ಇವನಿಗೂ ಕಲಿಸಿದಳು. ಹಿಮ ದಾಟಿ ಓಡಿ ಬಂದಾಗ ಜೇಬಿನಲ್ಲಿ ಉಳಿದದ್ದು ಅವಳು ಕೊಟ್ಟ ಕತ್ತರಿ. ಆದರೆ ಚೀನಾದ ಕೆಂಪು ಕಾಗದ ಕ್ಯಾಂಪಿನ ಕಿಟಕಿಗೆ ಅಂಟಿಸುವುದುಂಟೆ? ಉಗಿದಾರು. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಮಡಿಸಿಯೇ ಇಡುತ್ತಾನೆ. ನನಗೆ ಕಲಿಸಿದ್ದೂ ಶಟರ್ ಅರ್ಧ ಇಳಿಸಿ.

ಇವತ್ತು ಕಾಗದ ಎರಡಾಗಿ ಮಡಿಸಿ ಒಬ್ಬ ಮದುಮಗನನ್ನು ಕತ್ತರಿಸಿದೆ. ಪೇಟ, ಹಾರ, ನನ್ನದೇ ಗಿರಿಜಾ ಮೀಸೆ. ಬಿಚ್ಚಿದರೆ ಇಬ್ಬರು — ಕೈ ಕೈ ಹಿಡಿದು!

"ಎರಡೂ ನೀನೇ ಕಣೋ," ಗೊಂಪೊ ನಕ್ಕ. "ನಿನ್ನ ನೀನೇ ಮದ್ವೆ ಆಗ್ತೀಯ?"

ಅವನಿಗೆ ಮೀಸೆ ಇಲ್ಲ. ಕತ್ತರಿಯ ತುದಿಯಿಂದ ಬಲಗಡೆಯವನ ಮೀಸೆ ತೆಗೆದ. ಉಗುರಿನಷ್ಟು ಚೂರು. ಅಷ್ಟಕ್ಕೆ ಅವನು ಅವನಾದ, ನಾನು ನಾನಾದೆ.

ಹನ್ನೆರಡು ಮಾಡಿದೆವು. ಮತ್ತೆ ಮಡಿಸಿದರೆ ಒಬ್ಬನೇ ಗಂಡು, ಯಾರಿಗೂ ಏನೂ ತಿಳಿಯದು. ಮನೆಗೆ ತಂದು ನನ್ನ ನಾಟಕದ ಟ್ರಂಕಿನ ತಳಕ್ಕೆ ಸೇರಿಸಿದೆ. ಇಪ್ಪತ್ತಮೂರಕ್ಕೆ ಗೊಂಪೊ ನಾಟಕ ನೋಡಲು ಬರುತ್ತಾನಂತೆ. ಮೊದಲ ಸಲ.

ಫೆಬ್ರವರಿ 6

ಭಾನುವಾರ ಅಣ್ಣನ ಮಗಳು ರಮ್ಯಳ ನಿಶ್ಚಿತಾರ್ಥ. ಸುನಂದಮ್ಮ ಅತ್ತಿಗೆ ಬಂದರು. "ಸ್ಟೇಜಿಗೆ ಮಾಡ್ತೀಯಲ್ಲ ಕೆಂಪು ಕಾಗದದ್ದು, ನಮ್ ಕಿಟಕೀಗೂ ನಾಕು ಹೂವ ಮಾಡ್ಕೊಡಪ್ಪ." ಇಪ್ಪತ್ತು ಮಾಡಿದೆ. ತಾವರೆ, ಗಿಣಿ. ಬಿಚ್ಚಿಟ್ಟರೆ ಹರಿದಾವೆಂದು ಮಡಿಸಿಯೇ ಇಟ್ಟೆ. ಅದೇ ಟ್ರಂಕಿನಲ್ಲಿ.

ಫೆಬ್ರವರಿ 13

ಎಡಗೈ ಊದಿದೆ. ಬಲಗೈ ಇದೆಯಲ್ಲ, ಬರೆಯುತ್ತೇನೆ.

ಭಾನುವಾರ ಹಾರ ತರಲು ಹುಣಸೂರಿಗೆ ಹೋಗಿದ್ದೆ. ವಾಪಸ್ ಬಂದರೆ ನಡುಮನೆಯ ಕಿಟಕಿಗಳ ತುಂಬ ಬಿಸಿಲು. ಬಿಸಿಲಿನಲ್ಲಿ ನಾವು. ಹನ್ನೆರಡು ಜೋಡಿ! ರಮ್ಯ ಟ್ರಂಕಿನ ಎರಡೂ ಕಟ್ಟು ತೆಗೆದು ಅಂಟಿಸಿದ್ದಳು. "ಚಿಕ್ಕಪ್ಪ, ನಿನ್ ಹೂವಿಗಿಂತ ಇವೇ ಚೆನ್ನಾಗವೆ."

ಬಂದವರಲ್ಲಿ ಯಾರೋ ಚುಡಾಯಿಸಿದರು. "ಏನ್ ಕಂಠಪ್ಪ, ಎರಡೂ ಕಡೆ ಗಂಡೇನಾ?" ಅಣ್ಣನೂ ನಕ್ಕ. "ಕಾಗ್ದ ಮಡಿಸಿ ಕತ್ರಿಸಿದ್ರೆ ಅಂಗೇ ಕಣ್ರೀ, ಎರಡೂ ಒಂದೇ ತರ ಬತ್ತವೆ. ನಮ್ ಶಂಕ್ರಂಗೆ ಅಷ್ಟು ಗ್ಯಾನ ಬ್ಯಾಡ್ವಾ?"

ಬದುಕಿದೆ ಅಂದುಕೊಂಡೆ. ಆಗ ನಂಜಣ್ಣ ಎದ್ದ. ಗಂಡಿನ ಅಪ್ಪ. ಹೊಗೆಸೊಪ್ಪಿನ ಹರಾಜಿನಲ್ಲಿ ಎಲೆಯ ಬಣ್ಣ ಅಳೆಯುವ ಕಣ್ಣು. ಕನ್ನಡಕ ಏರಿಸಿ ಗಾಜಿನ ಹತ್ತಿರ ಹೋದ.

"ಒಂದೇ ತರ ಎಲ್ಲೈತೆ ಬೀಗ್ರೇ? ಇವನಿಗೆ ಮೀಸೆ ಐತೆ. ಪಕ್ಕದವನ್ದ ಬೇಕೂಂತ್ಲೇ ತೆಗ್ದವ್ರೆ. ಹನ್ನೆರಡ್ರಲ್ಲೂ."

ಎಲ್ಲರೂ ಕಿಟಕಿ ನೋಡಿದರು. ಆಮೇಲೆ ನನ್ನ ಮೀಸೆ ನೋಡಿದರು.

ತಾಂಬೂಲ ಬದಲಾಯಿಸಲಿಲ್ಲ. ಎದ್ದು ಹೋದರು.

ಹೊಗೆಸೊಪ್ಪು ಒಣಗಿಸುವ ಬ್ಯಾರನ್, ಈಗ ಸೊಪ್ಪಿಲ್ಲದೆ ಖಾಲಿ. ಒಳಗಿನ ಕಂಬಕ್ಕೆ ಅಣ್ಣ ನನ್ನನ್ನು ಕಟ್ಟಿದ. ಬೆಲ್ಟು. ಬಕಲ್ ಇದ್ದ ತುದಿ. "ಮೀಸೆ ಇಲ್ದವನು ಯಾವನ್ಲಾ? ಹೆಸ್ರು ಬೊಗಳು." ಬೊಗಳಲಿಲ್ಲ. ಎಷ್ಟು ಏಟು — ಗೊತ್ತಿಲ್ಲ. ಬಾಯಲ್ಲಿ ರಕ್ತ, ಮೂಗಲ್ಲಿ ಹಳೇ ಸೊಪ್ಪಿನ ವಾಸನೆ. ಅಣ್ಣ ಅಳುತ್ತಿದ್ದ. ಅಳುತ್ತಲೇ ಹೊಡೆಯುತ್ತಿದ್ದ. "ನನ್ ಮಗಳ ಬಾಳು ತಿಂದ್ಬುಟ್ಟೆ ಕಣ್ಲಾ!" ಕೊನೆಗೆ ನನ್ನದೇ ಕತ್ತರಿ ತಂದ. ಎಡ ಅಂಗೈಯನ್ನು ಕಂಬಕ್ಕೆ ಒತ್ತಿ ಚುಚ್ಚಿದ.

ಆಗ ಕೂಗಿದೆ. ಊರಿಗೆ ಊರೇ ಕೇಳಿರುತ್ತದೆ. ನಾಟಕದ ಪ್ರಾಕ್ಟೀಸ್ ಅಂದುಕೊಂಡರು. ಒಬ್ಬನೂ ಬರಲಿಲ್ಲ.

ಹೆಸರು ಹೇಳಿಲ್ಲ. ಹೇಳುವುದಿಲ್ಲ.

ಫೆಬ್ರವರಿ 20

ನಾಟಕ ನಿಲ್ಲುವುದಿಲ್ಲವಂತೆ. "ನಿಲ್ಸಿದ್ರೆ ಯಾಕೆ ಅಂತ ಊರು ಕೇಳ್ತದೆ," ಅಣ್ಣ. ಇಷ್ಟು ದಿನದಲ್ಲಿ ಆಡಿದ ಒಂದೇ ಮಾತು. ನಮ್ಮ ಗದೆಗಳಿಗೆ ಹತ್ತಿ ತುಂಬಿರುತ್ತದೆ. ಅವನದ್ದು ಗೋಡೆಯ ಮೊಳೆಗೆ ನೇತಾಡುತ್ತಿದೆ. ಮರದ್ದೊಂದು ಮಾಡಿಸಿದ್ದಾನೆ. ಗಟ್ಟಿ ಮರ.

ಫೋನ್ ಕಿತ್ತುಕೊಂಡಿದ್ದಾನೆ. ಅಂಗಳದಾಚೆ ಕಾಲಿಡುವ ಹಾಗಿಲ್ಲ. ಬರಬೇಡ ಎಂದು ಗೊಂಪೊನಿಗೆ ಹೇಗೆ ಹೇಳಲಿ? ರಮ್ಯ ಗುಟ್ಟಾಗಿ ತನ್ನ ಫೋನ್ ಕೊಟ್ಟಳು. "ಯಾರಿಗ್ ಮಾಡ್ತೀಯೋ ಮಾಡು ಚಿಕ್ಕಪ್ಪ." ನಂಬರ್ ನೆನಪಿಲ್ಲ. ಸಾವಿರ ಸಾಲಿನ ಮಾತು ಬಾಯಿಪಾಠ, ಹತ್ತು ಅಂಕಿ ಇಲ್ಲ! ಥೂ.

ಫೆಬ್ರವರಿ 24, ಸೋಮವಾರ. ಆಸ್ಪತ್ರೆ

ನಿನ್ನೆ ಹಗಲು ಹನ್ನೊಂದಕ್ಕೆ ಶುರು. ಪಿರಿಯಾಪಟ್ಟಣ. ಶಾಮಿಯಾನ ತುಂಬಿತ್ತು. ಮೂರನೇ ಸಾಲಿನಲ್ಲಿ ಗೊಂಪೊ, ಇಸ್ತ್ರಿ ಮಾಡಿದ ಬಿಳೀ ಅಂಗಿ. ಪರದೆಯ ಸಂದಿಯಿಂದ ಕಂಡದ್ದಷ್ಟೇ, ಆಮೇಲೆ ಅವನ ಕಡೆ ಕಣ್ಣು ಹಾಯಿಸಲಿಲ್ಲ. ನಾಲ್ಕು ಗಂಟೆ ಕಾಲ ಒಂದು ಸಲವೂ. ನನ್ನ ಜನ್ಮದ ದೊಡ್ಡ ನಟನೆ ಅದೇ.

ಕೊನೆಯ ದೃಶ್ಯ. ಮೊದಲ ಏಟು ಪಕ್ಕೆಗೆ. ಹತ್ತಿರ ಬಂದಾಗ ಅಣ್ಣ ಪಿಸುಗುಟ್ಟಿದ — "ಹೆಸ್ರು ಹೇಳು. ಇಲ್ಲಿಗೇ ಬುಡ್ತೀನಿ." ನಾನು ಜನರ ಕಡೆ ತಿರುಗಿ ಗುಡುಗಿದೆ: "ಎಲೈ ವೀರನೇ! ಮೂಳೆ ಮುರಿದೀತು, ಈ ನಾಲಗೆ ಬಾಗದು!" ಪುಸ್ತಕದಲ್ಲಿಲ್ಲದ ಮಾತು. ಮೇಷ್ಟ್ರು ಖುಷಿಯಾಗಿ ಹಾರ್ಮೋನಿಯಂ ಏರಿಸಿದರು.

ಎರಡನೇ ಏಟಿಗೆ ಮಂಡಿ ಒಡೆಯಿತು. ಸದ್ದು ನನಗೇ ಕೇಳಿಸಿತು. ಬಿದ್ದೆ. ಶಿಳ್ಳೆ! "ಏನ್ ಆಕ್ಟಿಂಗ್ ಲಾ! ಒನ್ಸ್ ಮೋರ್! ಒನ್ಸ್ ಮೋರ್!"

ಕಾನೂನು. ಒಂದೇ ಕಾಲಲ್ಲಿ ಎದ್ದೆ.

ಮುಖಕ್ಕೆ ಬಿತ್ತು. ಮೇಲ್ತುಟಿ ಇಬ್ಭಾಗ. "ರಕ್ತಕ್ಕೆ ಏನ್ ಬಣ್ಣ ಹಾಕವ್ರಪ್ಪಾ!" ಮತ್ತೆ ಒನ್ಸ್ ಮೋರ್. ಏಳಲು ಕೈ ಊರಿದೆ. ತೂತಾದ ಕೈ.

ಅಷ್ಟರಲ್ಲಿ ಗೊಂಪೊ. ಪಾಪ, ಅವನಿಗೆ ನಮ್ಮ ನಾಟಕವೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಕುರ್ಚಿ ಕೆಡವಿಕೊಂಡು ಓಡಿ ಬಂದ. ಹಾರ ಹಾಕಲು ಬಂದ ಅಭಿಮಾನಿ ಎಂದು ಜನ ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು! ನನ್ನ ಮೇಲೆ ಬೋರಲಾಗಿ ಬಿದ್ದ. "ಸಾಕು! ಸತ್ತೋಗ್ತಾನೆ, ಸಾಕು!"

ಅಣ್ಣನ ಗದೆ ಗಾಳಿಯಲ್ಲಿ ನಿಂತಿತು. ಗೊಂಪೊನ ಮುಖ ನೋಡಿದ. ಮೀಸೆಯಿಲ್ಲದ ತುಟಿ ನೋಡಿದ.

"ಓ... ಇವ್ನಾ."

ಗದೆ ಇನ್ನೂ ಮೇಲೆ ಹೋಯಿತು. ಗುರಿ ಗೊಂಪೊನ ನೆತ್ತಿ.

ನನ್ನ ಗದೆ ಹತ್ತಿಯದು. ಹಿಡಿ ಮಾತ್ರ ಕಬ್ಬಿಣದ ಪೈಪು. ತಿರುಗಿಸಿ ಹಿಡಿದು ಕೆಳಗಿನಿಂದ ಬೀಸಿದೆ. ಅಣ್ಣನ ಹೆಗಲಿನ ಮೂಳೆ ಮುರಿದ ಸದ್ದು ಮೈಕಿನಲ್ಲಿ ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೋಲುವ ರಾಜ ಗೆದ್ದ. ಯಾರೂ ಒನ್ಸ್ ಮೋರ್ ಅನ್ನಲಿಲ್ಲ.

ಅಣ್ಣ ಪಕ್ಕದ ವಾರ್ಡಿನಲ್ಲಿದ್ದಾನೆ. ನರಳುವುದು ಕೇಳುತ್ತದೆ. ಪಶ್ಚಾತ್ತಾಪ ಹುಡುಕಿದೆ, ಸಿಗಲಿಲ್ಲ. ಆದರೂ... ಅವನಿಗೆ ನೀರು ಯಾರು ಕುಡಿಸುತ್ತಿದ್ದಾರೋ.

ತುಟಿಗೆ ಹೊಲಿಗೆ ಹಾಕುವ ಮೊದಲು ನರ್ಸಮ್ಮ ಮೀಸೆ ಬೋಳಿಸಿದರು. ಗೊಂಪೊ ನಾಟಕದ ಕೆಂಪು ಹ್ಯಾಂಡ್‌ಬಿಲ್ ಮಡಿಸಿ, ಬ್ಯಾಂಡೇಜಿನ ಕತ್ತರಿಯಲ್ಲಿ ಕತ್ತರಿಸಿದ. ಬಿಚ್ಚಿದ. ಇಬ್ಬರೂ ಒಂದೇ ತರ. ಅವನ ಕೈಯ ಕತ್ತರಿ ತೋರಿಸಿ ಕೇಳಿದೆ — ಏನಾದರೂ ತೆಗೆಯೋಣವೇ? "ಬೇಡ ಬುಡು. ಈಗ ಸರಿ ಐತೆ." ಪ್ಲಾಸ್ಟರ್ ಹರಿದು ಹಾಸಿಗೆಯ ಪಕ್ಕದ ಕಿಟಕಿಗೆ ಅಂಟಿಸಿದ. ಅವರ ಹೊಸ ವರ್ಷ ಲೋಸರ್ ಹಬ್ಬಕ್ಕೆ ಇನ್ನು ನಾಲ್ಕು ದಿನ. ಈ ದೇಶಕ್ಕೆ ಬಂದ ಮೇಲೆ ಅವನು ಕಿಟಕಿಗೆ ಅಂಟಿಸಿದ ಮೊದಲ ಕಾಗದ.

ಕಾನ್‌ಸ್ಟೆಬಲ್ ಕುಮಾರ್ ಹೇಳಿಕೆ ಬರೆದುಕೊಳ್ಳಲು ಬಂದಿದ್ದ. "ಈ ಟಿಬೆಟ್‌ನವ್ರು ನಿಮಗೇನಾಗ್ಬೇಕು?" ಪೆನ್ನು ಬರೆಯಲಿಲ್ಲ. ಬೇರೆ ತರಲು ಹೋಗಿದ್ದಾನೆ. ಗೊಂಪೊ ನನ್ನ ಮುಖ ನೋಡುತ್ತಿದ್ದಾನೆ. ಫ್ರೆಂಡ್ ಅಂದುಬಿಡು ಎಂದು ಕಣ್ಣಲ್ಲೇ ಬೇಡುತ್ತಿದ್ದಾನೆ.

ಇಪ್ಪತ್ತು ಹಾಸಿಗೆ. ಬಾಗಿಲಲ್ಲಿ ಊರಿನವರು ಆರು ಮಂದಿ. ಗೋಡೆಯಾಚೆ ಅಣ್ಣ. ತುಟಿಯಲ್ಲಿ ಏಳು ಹೊಲಿಗೆ. ಕಿತ್ತರೆ ಕೀಳಲಿ. ಮೈಕ್ ಬೇಡ.

ಬೂಟಿನ ಸದ್ದು. ಬಂದ. ಎದ್ದು ಕೂತೆ. ಉಸಿರು ಹೊಟ್ಟೆಯಿಂದ ಎಳೆದುಕೊಂಡೆ. ಫ್ರೆಂಡ್ ಅನ್ನುವುದಿಲ್ಲ; ನನ್ನವನು ಅನ್ನುತ್ತೇನೆ, ಹುಣಸೂರಿಗೂ ಕೇಳಲಿ.