ಎರಡನೆಯ ಮನೆಯ ವೀಳ್ಯ

11.2.1986, ಮಂಗಳವಾರ

ನಾಲ್ಕು ರವಿಕೆ ಮುಗಿಯಿತು. ಕಾಜಾ ಬಾಕಿ. ಮಿಷನ್ನಿಗೆ ಎಣ್ಣೆ ಬಿಡಬೇಕು.

ಪುಟ್ಟಬಸಪ್ಪನ ಕಾಗದ ಬಂತು. ತಮ್ಮನ ಮಗ, ಮೈಸೂರಿನಲ್ಲಿ ಕಾಲೇಜು ಲೆಕ್ಚರರ್, ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗೆ. ಹೋದ ತಿಂಗಳು ನಾನು ಲಿಸ್ಪ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಕಳಿಸಿದ್ದ ಪ್ರೋಗ್ರಾಮು ಕಾಲೇಜಿನ ಕಂಪ್ಯೂಟರಿನಲ್ಲಿ ಓಡಲಿಲ್ಲವಂತೆ. ಬ್ರಾಕೆಟ್ ಒಂದು ಕಡಿಮೆ. ಒಂದು ಬ್ರಾಕೆಟಿಗೆ ಹದಿನಾಲ್ಕು ದಿನದ ಅಂಚೆ!

ಇರಲಿ. ಹೊಲಿಗೆ ಮಿಷನ್ನಿನ ಪುಸ್ತಕ ಓದಿ ಇಂಗ್ಲಿಷ್ ಕಲಿತವಳಿಗೆ ಇದೂ ಬಂದೀತು. ಕಂಪ್ಯೂಟರನ್ನು ನಾನು ಕಣ್ಣಿಂದ ಕಂಡವಳಲ್ಲ. ಅವನು ಕಳಿಸಿದ ಪಾಠದ ಸೈಕ್ಲೋಸ್ಟೈಲ್ ಹಾಳೆ, ಮೂವತ್ತು ಬೆಂಕಿಪೊಟ್ಟಣ, ದಾರದ ಉಂಡೆ. ಇಷ್ಟೇ ನನ್ನ ಕಂಪ್ಯೂಟರು. ಪೊಟ್ಟಣದೊಳಗೆ ಒಂದು ಹೆಸರು. ಪೊಟ್ಟಣದಿಂದ ಒಂದು ದಾರ, ಮುಂದಿನ ಪೊಟ್ಟಣಕ್ಕೆ. ಹಾಗೇ ಕೊನೆಯವರೆಗೆ. ಅದೇ ಲಿಸ್ಟು. ಮೊದಲ ಪೊಟ್ಟಣ ತೋರಿಸಿದರೆ ಸಾಕು, ಉಳಿದದ್ದನ್ನು ದಾರವೇ ಹೇಳುತ್ತದೆ.

16.3.86, ಭಾನುವಾರ

ದೊಡ್ಡಯ್ಯಣ್ಣ ಬಂದಿದ್ದರು. ಗಂಟಲು ಪೂರಾ ಬಿದ್ದುಹೋಗಿದೆ. ನಲವತ್ತು ವರ್ಷ ಮದುವೆ, ತಿಥಿಗಳಲ್ಲಿ ವೀಳ್ಯದ ಸರದಿ ಕೂಗಿದ ಗಂಟಲು. ಊರಿಗೆ ಯಾವ ಮನೆ ಮೊದಲು ಬಂದು ನೆಲೆಸಿತೋ ಅದಕ್ಕೆ ಮೊದಲ ವೀಳ್ಯ. ಮೂವತ್ತೊಂದು ಮನೆ. ಒಂದು ಹಿಂದೆಮುಂದಾದರೆ ಎರಡು ವರ್ಷ ಮಾತಿಲ್ಲ. ಪೂರ್ತಿ ಸರದಿ ಬಲ್ಲವರು ಅವರೊಬ್ಬರೇ.

"ಬರ್ಕೊ ಕಣವ್ವ," ಅಂದರು ಪಿಸುದನಿಯಲ್ಲಿ. "ಆದ್ರ ಒಂದೇ ಕಡ ಇರ್ಬೇಕು. ಎಲ್ಡು ಕಡ ಬರುದ್ರ ಎಲ್ಡು ಮಾತಾಯ್ತದ."

ನಕಲು ಮಾಡುವುದಿಲ್ಲ ಅಂತ ಮಾತು ಕೊಟ್ಟೆ. ಒಂದೇ ಹಾಳೆ. ಮೊದಲು ಮಹದೇವಪ್ಪನ ಮನೆ. ಎರಡನೆಯದು ಇವರದೇ. ಕೊನೆಗೆ ನಂಜ, ತಾಳಮಲೆಯಿಂದ ಬಂದು ಹನ್ನೆರಡು ವರ್ಷವಾಯಿತು.

ಹೊರಡುವಾಗ ನಕ್ಕರು. "ನಲವತ್ತೊರ್ಸ ನನ್ನೆಸ್ರ ನಾನೇ ಕೂಗ್ಕಂಡೆ. ರಾಚಮ್ಮನ ಮಗಳ ಮದ್ವೇಲಿ ಬ್ಯಾರೇರು ಕೂಗಾದ ಕೇಳ್ಬೇಕು ಕಣವ್ವ."

19.3.86

ಪ್ರೋಗ್ರಾಮು ಬರೆದೆ. ಲಿಸ್ಟಿಗೆ 'ಸರದಿ' ಅಂತ ಹೆಸರು. ಯಾವ ಮನೆಯೂ ತಪ್ಪಿಲ್ಲವೆಂದು ನೋಡಿಕೊಳ್ಳಲು ಇನ್ನೊಂದು, ಇಂಗ್ಲಿಷ್ ಎ ಬಿ ಸಿ ಪ್ರಕಾರ. ಅದಕ್ಕೆ 'ಅಕಾರಾದಿ' ಅಂತ ಹೆಸರು. ಅಕಾರಾದಿ ಅಂದರೆ ಸರದಿ ಅಂತ ಮೊದಲು ಬರೆದೆ, ಆಮೇಲೆ ಅಕಾರಾದಿಯನ್ನು ಸಾರ್ಟ್ ಮಾಡು, ಅಂದರೆ ಅಕ್ಷರದ ಪ್ರಕಾರ ಜೋಡಿಸು ಅಂತ. ಸಾರ್ಟ್ ಹೇಗೆ ಬರೆಯುವುದೆಂದು ಪುಟ್ಟನೇ ಕಾಗದದಲ್ಲಿ ಹೇಳಿಕೊಟ್ಟಿದ್ದ.

ಎರಡು ಲಿಸ್ಟು ಅಂದರೆ ನಕಲೇ ಅಲ್ಲವೇ? ಅಣ್ಣನಿಗೆ ಕೊಟ್ಟ ಮಾತು... ಮನಸ್ಸು ಚುಚ್ಚಿತು. ಪ್ರಿಂಟು ಕೈಗೆ ಬಂದಮೇಲೆ ಅಕಾರಾದಿಯನ್ನು ಹರಿದರಾಯಿತು.

ಸರದಿ ಬರೆದಿದ್ದ ಹಾಳೆಯನ್ನೂ ಪ್ರೋಗ್ರಾಮಿನ ಜೊತೆ ಲಕೋಟೆಗೆ ಹಾಕಿದೆ. ಟೈಪ್ ಆದಮೇಲೆ ಹರಿದುಹಾಕು ಅಂತ ಬರೆದೆ. ಅವನು ಕಳಿಸಿರುವ ಪಾಠದ ಹಾಳೆಗಳಲ್ಲಿ 46 ಆದಮೇಲೆ 48. ನಲವತ್ತೇಳು ಎಲ್ಲಿ ಅಂತಲೂ ಕೇಳಿದೆ.

5.4.86

ಪುಟ್ಟನ ಕಾರ್ಡು. "ಪ್ರೋಗ್ರಾಮ್ ಓಡಿತು ಅತ್ತೆ! ಹಾಳೆ ಹರಿದೆ, ಕಂಪ್ಯೂಟರಿನಿಂದಲೂ ಅಳಿಸಿದೆ. ಪ್ರಿಂಟ್ ಮದುವೆಗೆ ನಾನೇ ತರುತ್ತೇನೆ, ಮೈಕಿನಲ್ಲಿ ನಾನೇ ಓದುತ್ತೇನೆ. 47 ನಿಮಗೆ ಬೇಕಾಗಿಲ್ಲ."

ಓಡಿತು! ಕಾರ್ಡನ್ನು ಮಿಷನ್ನಿನ ಮೇಲೆ ಒರಗಿಸಿಟ್ಟು ಹೊಲಿದೆ. ಎರಡು ಕಾಜಾ ವಕ್ರ.

5.5.86, ಸೋಮವಾರ

ನಿನ್ನೆ ರಾಚಮ್ಮನ ಮಗಳ ಮದುವೆ. ಬರೆಯಲಾಗಲಿಲ್ಲ.

ಪುಟ್ಟ ಚಾಮರಾಜನಗರದ ಬಸ್ಸಿನಲ್ಲಿ ಮುಹೂರ್ತದ ಹೊತ್ತಿಗೆ ಇಳಿದ. ಹೆಣ್ಣಿನ ರವಿಕೆಯ ತೋಳು ಬಿಗಿಯೆಂದು ನಾನು ಬಿಚ್ಚುತ್ತಾ ಕೂತಿದ್ದೆ. ಮಡಿಸಿದ ಪ್ರಿಂಟು ತೋರಿಸಿದ. ಮೇಲಿನ ಸಾಲು ಮಾತ್ರ ನೋಡಿದೆ. ಮಹದೇವಪ್ಪ. ಸರಿ ಇತ್ತು. ಮಿಕ್ಕದ್ದು ನೋಡಲಿಲ್ಲ... ನೋಡಲಿಲ್ಲ.

ಮೈಕಿನಲ್ಲಿ, "ಮಹದೇವಪ್ಪನವರ ಮನೆ." ಅವರು ಎದ್ದು ತೆಗೆದುಕೊಂಡರು. ದೊಡ್ಡಯ್ಯಣ್ಣ ಆಗಲೇ ಅರ್ಧ ಎದ್ದಿದ್ದರು. ವೀಳ್ಯಕ್ಕೆ ಹೆಗಲ ಮೇಲಿನ ವಲ್ಲಿಯನ್ನು ಎರಡು ಕೈಯಲ್ಲಿ ಹರಡಿ ಹಿಡಿದು.

"ನಂಜನ ಮನೆ."

ನಂಜ ಕೂತಲ್ಲೇ, "ಯಾರ್ನ, ನನ್ನಾ? ಸರ್ಯಾಗಿ ನೋಡಿ ಸೋಮಿ!" ಯಾರೋ ನಕ್ಕರು. ಪುಟ್ಟ ಓದುತ್ತಲೇ ಹೋದ. ಹದಿನಾಲ್ಕು ಮನೆ. ಮುಗಿಯಿತು. ಹದಿನೇಳು ಮನೆ ಇಲ್ಲವೇ ಇಲ್ಲ.

ಬಿಳಿಗಿರಿಯ ಮನೆಯೂ ಇಲ್ಲ. ಅವನು ನನ್ನ ಕಡೆ ತಿರುಗಿ, "ನಿಮ್ ಮಿಸನ್ನು ರವ್ಕ ಒಲೀಲಿ ಕಣಕ್ಕ, ಊರ ಒಲಿಯಾದು ಬ್ಯಾಡ!" ಅಂದ.

ದೊಡ್ಡಯ್ಯಣ್ಣ ವಲ್ಲಿಯನ್ನು ನಿಧಾನ ಮಡಿಸಿ ಹೆಗಲಿಗೆ ಹಾಕಿಕೊಂಡರು. ನನ್ನ ಮುಂದೆ ಬಂದು ನಿಂತರು. "ನನ್ನ ಬಾಯ್ಲಿದ್ದುದ್ದ ಇಸ್ಕಂಡು ನನ್ನೇ ಬುಟ್ಬುಟ್ಟಲ್ಲವ್ವ."

ಊಟಕ್ಕೆ ನಿಲ್ಲಲಿಲ್ಲ.

9.5.86

ಮೂವತ್ತೊಂದನೆಯದೊಂದು ಪೊಟ್ಟಣ ತಂದೆ. ಮೊದಲು ಮಹದೇವಪ್ಪ, ಆಮೇಲೆ ದೊಡ್ಡಯ್ಯಣ್ಣ, ಕೊನೆಗೆ ನಂಜ; ನಡುವಿನ ಸರದಿ ನೆನಪಿಲ್ಲ, ಸಿಕ್ಕ ಹಾಗೆ ದಾರ ಕಟ್ಟಿ ಪ್ರೋಗ್ರಾಮನ್ನು ಪೊಟ್ಟಣಗಳಲ್ಲೇ ಓಡಿಸಿ ನೋಡಿದೆ. ಮಹದೇವಪ್ಪನ ಪೊಟ್ಟಣಕ್ಕೆ 'ಸರದಿ' ಅಂತ ಚೀಟಿ ಅಂಟಿಸಿದೆ. ಈಗ ಅಕಾರಾದಿ ಅಂದರೆ ಸರದಿ. ಹೊಸ ಪೊಟ್ಟಣ ಬೇಕೇ? ಬೇಡ. ಅದೇ ಪೊಟ್ಟಣಕ್ಕೆ ಇನ್ನೊಂದು ಚೀಟಿ. ಅಷ್ಟೇ.

ಸಾರ್ಟ್ ಮಾಡಬೇಕು. ಇದ್ದ ದಾರಗಳನ್ನೇ ಬಿಚ್ಚಿ ಎ ಬಿ ಸಿ ಪ್ರಕಾರ ಕಟ್ಟಿದೆ. ಬಿಳಿಗಿರಿ ಮುಂದೆ ಹೋದ, ಚಿಕ್ಕಬಸಪ್ಪ ಹೋದ, ದೊಡ್ಡಯ್ಯ ಹೋದರು. ಎಂ ಅಕ್ಷರದ ಮಹದೇವಪ್ಪ ನಡುವೆ ಬಿದ್ದ. 'ಸರದಿ' ಚೀಟಿ ಇನ್ನೂ ಅವನ ಮೇಲೇ ಇದೆ. ಅಲ್ಲಿಂದ ದಾರ ಹಿಡಿದೆ. ಮಹದೇವಪ್ಪ, ನಂಜ... ಎಣಿಸಿದೆ. ಹದಿನಾಲ್ಕು.

ಎರಡು ಲಿಸ್ಟು ಎಂದೂ ಇರಲೇ ಇಲ್ಲ. ನಾನು ಮಾತು ಮುರಿದೆ ಅಂದುಕೊಂಡಿದ್ದೆ. ಯಂತ್ರ ನಕಲನ್ನೇ ಮಾಡಲಿಲ್ಲ. ಇದ್ದ ಒಂದನ್ನೇ ಬಿಚ್ಚಿಹಾಕಿತು.

ಪ್ರಿಂಟಿನ ಎರಡನೆಯ ಹಾಳೆಯಲ್ಲಿ ಮೂವತ್ತೊಂದು ಹೆಸರೂ ಭದ್ರವಾಗಿವೆ, ಎ ಬಿ ಸಿ ಪ್ರಕಾರ. ಸರದಿ ಮಾತ್ರ ಎಲ್ಲೂ ಇಲ್ಲ. ನಾನು ಬರೆದ ಹಾಳೆಯೂ ಇಲ್ಲ.

47ನೆಯ ಹಾಳೆ ಕಳಿಸು ಅಂತ ಪುಟ್ಟನಿಗೆ ಬರೆದೆ. ಮೊದಲ ಬಾರಿಗೆ 'ಚಿರಂಜೀವಿ' ಅಂತ ಹಾಕಲಿಲ್ಲ.

10.5.86

ದೊಡ್ಡಯ್ಯಣ್ಣನ ಮನೆಗೆ ಹೋದೆ. ಹೆಂಡತಿ ಪುಟ್ಟಮಾದಮ್ಮ ಬಾಗಿಲಲ್ಲೇ ನಿಂತರು. "ಒಲ್ದ ತಾವ ಅವ್ರೆ," ಅಂದರು. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು.

23.5.86

ಬಂತು ನಲವತ್ತೇಳು. ನಡುವೆ ಒಂದೇ ಸಾಲು, ಕೆಳಗೆ ಗೆರೆ ಎಳೆದದ್ದು: ಸಾರ್ಟ್ ಡಿಸ್ಟ್ರಕ್ಟಿವ್, ಇದ್ದ ಲಿಸ್ಟನ್ನೇ ಕೆಡಿಸುತ್ತದೆ, ಹಳೆಯ ಲಿಸ್ಟು ಬೇಕಿದ್ದರೆ ಮೊದಲು ಕಾಪಿ ಮಾಡಿಕೊಳ್ಳಿ. ಗೆರೆ ಪುಟ್ಟನದೇ, ಹಳೆಯ ಶಾಯಿ. ಗೊತ್ತಿತ್ತು ಅವನಿಗೆ.

ಜೊತೆಗೆ ಕಾಗದ. "ನಿಮಗೆ ಕಷ್ಟವಾಗುತ್ತೆ ಅಂತ ತೆಗೆದಿಟ್ಟಿದ್ದೆ ಅತ್ತೆ. ಲಿಸ್ಟ್ ಚಿಕ್ಕದಾಗಿ ಬಂದದ್ದು ನೋಡಿದೆ. ನೀವೇ ತಪ್ಪು ಬರೆದಿರಬೇಕು ಅಂದುಕೊಂಡೆ."

ಬೆಂಕಿಪೊಟ್ಟಣದ ವಿಷಯ ಬರೆದಾಗೆಲ್ಲ "ಭೇಷ್ ಅತ್ತೆ" ಅಂತ ಉತ್ತರ ಬರುತ್ತಿತ್ತು. ಆ ಕಾಗದಗಳನ್ನೆಲ್ಲ ಕಟ್ಟಿಟ್ಟಿದ್ದೆ. ಇವತ್ತು ಕಟ್ಟು ಬಿಚ್ಚಿ ಓದಿದೆ. ಭೇಷ್... ಭೇಷ್... ಎಳೇ ಮಗುವಿಗೆ ಹೇಳುವ ಹಾಗೆ.

1.6.86, ಭಾನುವಾರ, ಹನ್ನೊಂದು ಗಂಟೆ

ದೊಡ್ಡಯ್ಯಣ್ಣ ಬಂದಿದ್ದಾರೆ! ಜಗಲಿಯಲ್ಲಿದ್ದಾರೆ. ಕಾಫಿಗೆ ಹಾಲಿಟ್ಟು ಒಳಗೆ ನಿಂತು ಬರೆಯುತ್ತಿದ್ದೇನೆ.

ಬಂದವರೇ, "ಸರದಿ ನನ್ಜೊತೆ ಮಣ್ಣಾಗಾದು ಬ್ಯಾಡ. ಕಟ್ಟು ನಿನ್ ಪೊಟ್ಣವ," ಅಂದರು. ಪೊಟ್ಟಣಗಳನ್ನು ಜಗಲಿಗೆ ತಂದೆ.

"ಮಾದೇವಪ್ಪನ ಮನ."

ಇಟ್ಟೆ. ಎರಡನೆಯದಕ್ಕೆ ಅವರ ಪೊಟ್ಟಣ ನಾನೇ ಎತ್ತಿಕೊಂಡೆ. ತಲೆಯಾಡಿಸಿದರು. "ಚಿಕ್ಕಬಸಪ್ಪನ ಮನ."

"ಅಣ್ಣಾ, ಎಲ್ಡನೇದು ನಿಮ್ದಲ್ವಾ?"

"ಕರೀದೇ ಇದ್ದ ಮನೆಯ ಯಾಕವ್ವ ಮಡಗ್ತೀಯ? ಬುಟ್ಟು ಕಟ್ಟು. ಕಟ್ಟುದ್ರ ಮುಂದ್ಕ ಯೋಳ್ತೀನಿ. ಇಲ್ಲಾಂದ್ರ ಎದ್ದೋಯ್ತೀನಿ."

ಇನ್ನೂ ಇಪ್ಪತ್ತೆಂಟು ಮನೆ ಅವರ ಬಾಯಲ್ಲೇ ಇವೆ.

ಅವರ ಪೊಟ್ಟಣವನ್ನು ಎಸೆಯಬೇಕಾಗಿಲ್ಲ. ಮಹದೇವಪ್ಪನ ದಾರವನ್ನು ಅವರನ್ನು ದಾಟಿಸಿ ಚಿಕ್ಕಬಸಪ್ಪನಿಗೆ ಕಟ್ಟಿದರೆ ಸಾಕು. ದೊಡ್ಡಯ್ಯಣ್ಣನಿಂದ ಊರಿಗೆ ದಾರ ಇರುತ್ತದೆ. ಊರಿಂದ ಅವರಿಗೆ ಇರುವುದಿಲ್ಲ. ಹಳೆಯ ಸರದಿಯನ್ನು ಅಳಿಸುವ ಗಂಟು ಇದು ಎಂದು ಈ ಸಲ ನನಗೆ ಗೊತ್ತು. ನಲವತ್ತೇಳು ಬಾಯಿಪಾಠ.

ಹಾಲು ಉಕ್ಕಿತು. ದಾರ ಎಡಗೈಯಲ್ಲೇ ಇದೆ. ಹೊರಗಿಂದ ಆ ಒಡೆದ ದನಿ, "ಕಟ್ದೇನವ್ವ?"

ಕಟ್ಟಿದರೆ ಅವರ ಮನೆ ಇಲ್ಲ, ಕಟ್ಟದಿದ್ದರೆ ಇಪ್ಪತ್ತೆಂಟು—