ಬೂಟ್‌ನಲ್ಲಿ ಜಾಗವಿಲ್ಲ

ಜೂನ್ 10, ಸೋಮವಾರ

ಶಟರ್ ಎತ್ತಿದೆ. ಕಸ ಗುಡಿಸಿದೆ. ಕಸೂತಿ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಪುಟ್ಟಿ, ಅಂದರೆ ತಂಗಿಯ ಮಗಳು, ಈ ಅಂಗಡಿಯ ಒಡತಿ, ಬರುವಷ್ಟರಲ್ಲಿ ಕಂಪ್ಯೂಟರಿಗೆ ಅಪ್‌ಡೇಟ್ ಕೊಟ್ಟು ಮುಗಿಸೋಣ ಎಂದು ಕೂತೆ. ಅದರಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವನು ನಾನೇ ತಾನೆ. ಏಳನೇ ಕ್ಲಾಸಿನವರೆಗೆ ಹಳ್ಳಿ ಶಾಲೆ, ಆಮೇಲೆಲ್ಲ ಸ್ವಂತ ತಲೆ. ಈ ಬೀದಿಯಲ್ಲಿ ಇಂಥವನು ಇನ್ನೊಬ್ಬನಿದ್ದರೆ ತೋರಿಸಲಿ.

ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಪರದೆ ತುಂಬ ಇಂಗ್ಲಿಷ್ ಸಾಲುಗಳು. ಮೊದಲನೆಯದನ್ನು ಕೂಡಿಸಿಕೊಂಡು ಓದಿದೆ: ಬೂಟ್‌ನಲ್ಲಿ ಜಾಗವಿಲ್ಲ. ಸಾಕು. ಉಳಿದದ್ದನ್ನು ಓದುವುದು ಅರ್ಥವಾಗದವರ ಕೆಲಸ.

ಇಳಿಸಿಟ್ಟಿದ್ದ ಸಿನಿಮಾಗಳನ್ನೆಲ್ಲ ಎದೆ ಕಲ್ಲು ಮಾಡಿಕೊಂಡು ಅಳಿಸಿದೆ. ಇನ್ನೊಮ್ಮೆ ಅಪ್‌ಡೇಟ್. ಮತ್ತೆ ಅದೇ ಸಾಲು. ಪುಟ್ಟಿ ಬಂದವಳು ಏನಾದರೂ ತೊಂದರೆಯೇ ಎಂದು ಕೇಳಿದಳು. ನಾನಿರುವಾಗ ಎಂಥ ತೊಂದರೆ ಎಂದೆ.

ಜೂನ್ 11, ಮಂಗಳವಾರ, ಬೆಳಿಗ್ಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೇನೆ. ಸಿನಿಮಾ ಇದ್ದದ್ದು ಒಂದು ಕಡೆ, ತುಂಬಿದ್ದು ಇನ್ನೊಂದು ಕಡೆ. ಬೂಟ್ ಎಂಬುದು ಡಿಸ್ಕಿನಲ್ಲಿ ಗೆರೆ ಎಳೆದು ಬೇರ್ಪಡಿಸಿದ ಒಂದು ಸಣ್ಣ ಪಾರ್ಟಿಷನ್. ದೊಡ್ಡ ಮನೆ, ಬಾಗಿಲ ಪಕ್ಕದಲ್ಲಿ ಕೊಡೆ ಇಡುವ ಗೂಡು ಇದ್ದ ಹಾಗೆ. ಕಂಪ್ಯೂಟರನ್ನು ಎಬ್ಬಿಸುವ ಕರ್ನಲ್ ಇರುವುದು ಆ ಗೂಡಿನಲ್ಲಿ. ಪ್ರತಿ ಅಪ್‌ಡೇಟಿನಲ್ಲೂ ಹೊಸದೊಂದು ಬಂದು ಕೂರುತ್ತದೆ, ಹಳೆಯದು ಜಾಗ ಬಿಡುವುದಿಲ್ಲ. ಮನೆಯಲ್ಲಿ ಎಷ್ಟು ಕೋಣೆ ಖಾಲಿ ಮಾಡಿದರೂ ಗೂಡು ಮಾತ್ರ ತುಂಬಿದ ಹಾಗೇ.

ಗೊತ್ತಾದ ಮೇಲೆ ಇನ್ನೇನು, ಎಡಗೈ ಕೆಲಸ.

ಅದೇ ದಿನ, ಸಂಜೆ

ಎಡಗೈಯನ್ನು ಕತ್ತರಿಸಿಕೊಳ್ಳಬೇಕು.

ಗೂಡಿನ ಪಟ್ಟಿ ತೆಗೆದೆ. ಕರ್ನಲ್‌ಗಳ ನಂಬರು ಮೇಲಿಂದ ಕೆಳಕ್ಕೆ 105, 113, 91, 98. ಮೇಲಿರುವುದು ಹಳೆಯದು, ಕೊನೆಗೆ ಬಂದದ್ದು ಕೊನೆಯಲ್ಲಿ. ಶಾಲೆಯ ಹಾಜರಿಯಲ್ಲಿ ಹಾಗೇ ಇರುತ್ತಿತ್ತು. ಪಟ್ಟಿಯ ತಲೆಯಲ್ಲಿದ್ದ 105ನ್ನು ನನ್ನ ಕೈಯಾರೆ ಅಳಿಸಿದೆ. ಗೂಡಿನಲ್ಲಿ ಜಾಗವಾಯಿತು. ಮೀಸೆ ತಿರುವಿದೆ. ಆಮೇಲೆ, ಸುಮ್ಮನೆ ಒಂದು ಕುತೂಹಲಕ್ಕೆ, ಈಗ ಓಡುತ್ತಿರುವುದು ಯಾವ ಕರ್ನಲ್ ಎಂದು ಕಂಪ್ಯೂಟರನ್ನೇ ಕೇಳಿದೆ.

105.

ಕಂಪ್ಯೂಟರ್ ಬರೀ ಮೊದಲ ಅಂಕಿಯನ್ನು ನೋಡಿ ಸಾಲಾಗಿ ನಿಲ್ಲಿಸುತ್ತದಂತೆ. ಅದಕ್ಕೆ ನೂರೈದು ತೊಂಬತ್ತೊಂದಕ್ಕಿಂತ ಮುಂಚೆ. ನಮ್ಮ ಮೇಷ್ಟರಾಗಿದ್ದರೆ ಅದರ ಕಿವಿ ಹಿಂಡುತ್ತಿದ್ದರು.

ಕುಳಿತ ಕೊಂಬೆಯನ್ನೇ ಕಡಿದಿದ್ದೇನೆ. ಆದರೂ ಕೊಂಬೆ ಬಿದ್ದಿಲ್ಲ. ಎದ್ದಿರುವ ಕಂಪ್ಯೂಟರ್ ಎದ್ದೇ ಇದೆ, ಸೂಜಿ ಟಕಟಕ ಓಡುತ್ತಿದೆ. ಆಫ್ ಆದರೆ ಮಾತ್ರ… 113 ಸೋಮವಾರ ಅರ್ಧಕ್ಕೆ ನಿಂತದ್ದು, ಅರೆಬೆಂದದ್ದು. 91, 98 ಎಬ್ಬಿಸಬಲ್ಲವೋ ಇಲ್ಲವೋ, ನನಗೆ ಗೊತ್ತಿಲ್ಲ. ಇನ್ನು ಒಂದು ಅಕ್ಷರ ಒತ್ತಲೂ ಕೈ ಏಳುತ್ತಿಲ್ಲ.

ಗುಂಡಿಯ ಮೇಲೆ ಚೀಟಿ ಅಂಟಿಸಿದೆ: ಆಫ್ ಮಾಡಬಾರದು. ಪುಟ್ಟಿ ಏಕೆಂದಳು. ಆಗಾಗ ಆಫ್ ಮಾಡಿದರೆ ಆಯುಸ್ಸು ಕಡಿಮೆ ಎಂದೆ. ಯಾರದು ಎಂದು ಕೇಳಿ ನಕ್ಕಳು.

ಜೂನ್ 12, ಬುಧವಾರ

ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದ. ಇಡೀ ಕಟ್ಟಡದ ಮೇನ್ ಬೋರ್ಡ್ ಬದಲಿಸಬೇಕಂತೆ, ಮೂರು ತಾಸು ಕರೆಂಟ್ ಇಲ್ಲ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಯಿತು.

ಶನಿವಾರ ಫುಟ್‌ಬಾಲ್ ತಂಡದ ಅಂಗಿಗಳನ್ನು ಕೊಡಬೇಕು. ಪುಟ್ಟಿ ಒಬ್ಬಳೇ ಹಿಡಿದ ಮೊದಲ ದೊಡ್ಡ ಆರ್ಡರ್. ಡಿಸೈನುಗಳು ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಕಂಪ್ಯೂಟರ್ ಏಳದಿದ್ದರೆ ಅವನ್ನು ಯಂತ್ರಕ್ಕೆ ಕೊಡುವವರು ಯಾರು? ತಂಡದವರು ಕಸೂತಿಯಿಲ್ಲದ ಬರಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದರೆ ಈ ಹುಡುಗಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ?

ಬೋರ್ಡಿನೊಳಗೆ ಕಣಜ ಗೂಡು ಕಟ್ಟಿದೆ ಎಂದೆ. ಇಷ್ಟಿಷ್ಟು ದಪ್ಪದವು, ನೋಡಿದರೆ ಮೈ ಜುಂ ಎನ್ನುತ್ತದೆ ಎಂದೆ. ಏಣಿ ಬಂದ ದಾರಿಯಲ್ಲೇ ಹೋಯಿತು. ಶುಕ್ರವಾರ ಔಷಧಿ ತರುತ್ತಾನಂತೆ.

ಜೂನ್ 14, ಶುಕ್ರವಾರ, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ. ದಿನವಿಡೀ ಪ್ಲಗ್ ಕಾಯುತ್ತ ಕೂತೆ. ಊಟಕ್ಕೂ ಏಳಲಿಲ್ಲ. ತಂಗಿ ಡಬ್ಬಿ ತಂದು, ಅಣ್ಣನಿಗೆ ಇದ್ದಕ್ಕಿದ್ದಂತೆ ಕೆಲಸದ ಮೇಲೆ ಪ್ರೀತಿ ಉಕ್ಕಿದೆ, ಜ್ವರ ಇದೆಯಾ ನೋಡು ಎಂದು ಮಗಳಿಗೆ ಹೇಳಿ ಹೋದಳು.

ಇವತ್ತು ಎಲೆಕ್ಟ್ರಿಷಿಯನ್ ಬಂದ. ತಲೆಗೆ ಟವೆಲ್, ಕೈಗೆ ಗ್ಲೌಸ್, ಸ್ಪ್ರೇ ಡಬ್ಬಿ. ಬೋರ್ಡಿನ ಮುಚ್ಚಳ ತೆಗೆದ. ಟವೆಲ್ಲನ್ನೂ ತೆಗೆದ.

"ಕಣಜ ಇಲ್ಲ, ಏನಿಲ್ಲ. ಜೇಡರ ಬಲೆ ಅಷ್ಟೇ. ಯಜಮಾನ್ರಿಗೆ ಕಣ್ಣು ತೋರಿಸ್ಬೇಕು."

ಪುಟ್ಟಿ ಯಂತ್ರ ನಿಲ್ಲಿಸಿ ನನ್ನತ್ತ ತಿರುಗಿದಳು. "ಮಾಮ, ಏನು ಮುಚ್ಚಿಡ್ತಿದ್ದೀಯ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂತು. ಚೆನ್ನಾಗಿಯೇ ಇತ್ತು. ನುಂಗಿದೆ.

"ಆಫ್ ಆದ್ರೆ ಅದು ಮತ್ತೆ ಏಳುತ್ತೋ ಇಲ್ವೋ, ಗೊತ್ತಿಲ್ಲ ಪುಟ್ಟಿ. ನಾನೇ ಕೈಯಾಡಿಸಿ ಹಾಳು ಮಾಡ್ದೆ."

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಎಲೆಕ್ಟ್ರಿಷಿಯನ್ ಹತ್ತಿರ ಒಂದು ತಾಸು ಸಮಯ ಕೇಳಿಕೊಂಡಳು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಸೋಮವಾರದ ಇಂಗ್ಲಿಷ್ ಸಾಲುಗಳನ್ನು ಮತ್ತೆ ಪರದೆಗೆ ತಂದೆ.

"ಬೈಯೋದು ಆಮೇಲೆ ಬೈತೀನಿ. ಅದು ಏನ್ ಹೇಳ್ತಿದೆ, ಓದು."

"ಓದಿದೀನಿ. ಜಾಗ ಇಲ್ಲ ಅಂತ."

"ಅದು ಮೊದಲನೇ ಸಾಲು. ಕೊನೇದು?"

ಕೊನೆಯ ಸಾಲಿನಲ್ಲಿ, ಅರ್ಧಕ್ಕೆ ನಿಂತದ್ದನ್ನು ಮುಗಿಸಲು ಯಾವ ಆಜ್ಞೆ ಕೊಡಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಸೋಮವಾರದಿಂದ ಅಲ್ಲೇ ಇತ್ತು. ಅವಳು ಅಕ್ಷರ ಅಕ್ಷರವಾಗಿ ಹೇಳಿದಳು, ನಾನು ಒತ್ತಿದೆ.

ಸೋಮವಾರವೇ ಒತ್ತಿದ್ದರೂ ಜಾಗವಿಲ್ಲದೆ ಮುಗ್ಗರಿಸುತ್ತಿತ್ತು. ನಾನು 105ನ್ನು ಕಿತ್ತು ಮಾಡಿದ ಜಾಗದಲ್ಲೇ 113 ಪೂರ್ತಿ ಕೂತಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಆಮೇಲೆ 91, 98ನ್ನು ಕ್ರಮವಾಗಿ, ಅದರದೇ ಆಜ್ಞೆ ಕೊಟ್ಟು ತೆಗೆಸಿದೆವು. 105ನ್ನು ಮತ್ತೆ ಹಾಕಿಸಿದೆವು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಗೂಡಿನಲ್ಲಿ ಈಗ ಅರ್ಧದಷ್ಟು ಖಾಲಿ.

ಎಲೆಕ್ಟ್ರಿಷಿಯನ್ನಿಗೆ ಪುಟ್ಟಿ ಕೈ ತೋರಿಸಿದಳು. ಮೇನ್ ಇಳಿಸಿದ. ಫ್ಯಾನ್ ನಿಂತಿತು. ಪರದೆ ಕಪ್ಪಾಯಿತು.

ಅದೇ ದಿನ, ಸಂಜೆ 5

ಕರೆಂಟ್ ಬಂತು. ಗುಂಡಿ ಒತ್ತು ಎಂದಳು. ನೀನೇ ಒತ್ತು ಎಂದೆ. ಇಬ್ಬರೂ ಒತ್ತಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ನೇ ಚೀಟಿ ಕಿತ್ತು ಒತ್ತಿದ.

ಕಪ್ಪು. ಇನ್ನೂ ಕಪ್ಪು. ಮನೆದೇವರನ್ನು ನೆನೆದೆ, ಕಂಪ್ಯೂಟರಿಗೆ ಯಾವ ದೇವರೋ ಗೊತ್ತಿಲ್ಲದೆ. ಬಿಳಿ ಸಾಲೊಂದು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸುರಿಮಳೆ. ಎದ್ದಿತು. ಯಾವ ಕರ್ನಲ್ ಎಂದು ಕೇಳಿದೆ. 113.

ಪುಟ್ಟಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ಬೈಗುಳ ಅಷ್ಟರಲ್ಲೇ ತೀರಿತು ಅಂತ ಕಾಣುತ್ತದೆ. ಬಾಗಿಲಾಚೆ ಹೋಗಿ ನಿಂತೆ. ಹೊಟ್ಟೆಯೊಳಗಿದ್ದ ಕಲ್ಲು ಇಳಿದ ಜಾಗದಲ್ಲಿ ಹಸಿವು ಬಂದು ಕೂತಿದೆ. ನಿನ್ನೆಯ ಡಬ್ಬಿಯಲ್ಲಿ ಉಳಿದದ್ದನ್ನೂ ತಿಂದೆ.

ಸೂಜಿ ಓಡುತ್ತಿದೆ. ಬೆಳಗಾಗುವುದರೊಳಗೆ ಎಲ್ಲ ಅಂಗಿಯೂ ಮುಗಿಯುತ್ತದಂತೆ. ನಾನು ಇಲ್ಲಿ ಬರೆಯುತ್ತ ಕೂತಿರುವುದು ಅವಳಿಗೆ ಕಾಣಿಸಿತು, ಕರೆಯುತ್ತಿದ್ದಾಳೆ, ನೀಲಿ ದಾರದ ರೀಲು ಮುಗಿಯುತ್ತ ಬಂತಂತೆ, ಬೇಗ ಇನ್ನೊಂದು—