ಐದು ಎಲೆ ಕಿತ್ತವಳು ಕಳ್ಳಿಯಲ್ಲ

ನಮ್ಮ ಉದ್ಯಾನಗಳ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ಕಳೆದ ಬುಧವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಜೆ.ಪಿ. ನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಿಮ್ಮ ಕಾವಲುಗಾರ ನನ್ನ ಆರು ವರ್ಷದ ಮಗಳನ್ನು ಕಳ್ಳಿ ಎಂದು ಕರೆದು, ಗೇಟಿನ ಪಕ್ಕದಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ. ಅವಳ ಕೈಯಲ್ಲಿ ಸಿಕ್ಕ ಮಾಲು ಐದು ಎಲೆ. ಒಂದು ಹೊಂಗೆ, ಒಂದು ದಾಸವಾಳ. ಉಳಿದ ಮೂರರ ಹೆಸರು ನನಗೆ ಗೊತ್ತಿಲ್ಲ. ನೀವು ಎಲ್ಲಿಂದಲೋ ತರಿಸಿ ನೆಟ್ಟ ದುಬಾರಿ ಗಿಡಗಳಿರಬೇಕು, ನಮ್ಮಂಥವರ ಪರಿಚಯ ಅವಕ್ಕಿಲ್ಲ. ಮಗಳು ಈಗ ಉದ್ಯಾನದ ರಸ್ತೆಯಲ್ಲಿ ನಡೆಯುವುದಿಲ್ಲ. ಶಾಲೆಗೆ ಹೋಗಲು ಎರಡು ರಸ್ತೆ ಸುತ್ತಿಕೊಂಡು ಹೋಗೋಣವೆಂದು ನನ್ನ ಕೈ ಎಳೆಯುತ್ತಾಳೆ. ಇದಕ್ಕೆ ನಿಮ್ಮಿಂದ ಉತ್ತರ ಬೇಕು. ನಿಮ್ಮ ಕಚೇರಿಯಲ್ಲಿ ಕೇಳಿದೆ, ಸಿಗಲಿಲ್ಲ. ಹಾಗಾಗಿ ಊರಿನೆದುರು ಕೇಳುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯ ಗುಮಾಸ್ತರು ಅದನ್ನೇ ಮೊದಲು ಕೇಳಿದರು. ಹೆಸರು ನರೇಂದ್ರ, ವಯಸ್ಸು ಇಪ್ಪತ್ತೇಳು, ಓದು ಒಂಬತ್ತನೇ ತರಗತಿಯ ಅರ್ಧದವರೆಗೆ. ಬಡತನಕ್ಕೆ ಬಿಟ್ಟೆ ಎಂದರೆ ನಿಮಗೆ ಕರುಣೆ ಬಂದೀತು, ಆದರೆ ಅದು ಸುಳ್ಳು. ಕೂತಲ್ಲಿ ಕೂರಲಾಗದೆ ಬಿಟ್ಟೆ. ಆಮೇಲೆ ಪಂಕ್ಚರ್ ಅಂಗಡಿ, ಕೊರಿಯರ್, ಕೇಬಲ್ ಎಂದು ಏಳು ಕೆಲಸಗಳನ್ನೂ ಹಾಗೆಯೇ ಬಿಟ್ಟಿದ್ದೇನೆ. ಎಂಟನೆಯದು ಈಗಿನ ಸೈಬರ್ ಸೆಂಟರ್. ಹೆಂಡತಿ ವಿಜಯಲಕ್ಷ್ಮಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಮನೆ ಸೇರುವುದು ಏಳಕ್ಕೆ. ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಆರು ವರ್ಷದ ಸರ್ವಮಂಗಳಾ, ನಾಲ್ಕು ವರ್ಷದ ಶಾಂತಲಾ ಇಬ್ಬರೂ ನನ್ನ ಪಾಲು. ಮನೆ ಜರಗನಹಳ್ಳಿಯಲ್ಲಿ, ಎರಡನೇ ಮಹಡಿಯ ಎರಡು ಕೋಣೆ. ತಾರಸಿಗೆ ಬೀಗ. ಕೆಳಗೆ ರಸ್ತೆ, ರಸ್ತೆಯಲ್ಲಿ ನೀರಿನ ಟ್ಯಾಂಕರ್‌ಗಳು. ಹೀಗಾಗಿ ಮಕ್ಕಳು ಮೆಟ್ಟಿಲ ತಿರುವಿನಲ್ಲಿ ಸೀಮೆಸುಣ್ಣದಿಂದ ಗಿಡ, ಹುಲ್ಲು, ಒಂದು ಉಯ್ಯಾಲೆ ಬರೆದುಕೊಂಡು ಅದರ ಮೇಲೆ ಕೂತು ಆಡುತ್ತಿದ್ದರು. ಮನೆಯ ಒಡತಿ ಸಪ್ಪಲಮ್ಮನವರು ಅದನ್ನು ನೋಡಿದರು.

"ಏನಪ್ಪ ನರೇಂದ್ರ, ಮೆಟ್ಲು ಮೇಲೆ ಕಾಡ್ ಬೆಳ್ಸವ್ರೆ ನಿನ್ ಮಕ್ಳು? ನಾಳೆ ಕೆಳಗಿನ್ ಮನೆ ನೋಡಕ್ಕೆ ಜನ ಬತ್ತಾವ್ರೆ, ಒರೆಸ್ಬುಡು."

"ಸೀಮೆಸುಣ್ಣ ಆಂಟಿ, ಒಂದ್ ಚೊಂಬು ನೀರ್ ಹಾಕಿದ್ರೆ ಹೋಗತ್ತೆ."

"ನೀರ್ ಎಲ್ಲಿಂದ ತತ್ತೀಯ? ಟ್ಯಾಂಕರ್‌ನೋನು ನಿಮ್ಮಾವನಾ?"

ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ. ಚಿಕ್ಕವಳು ಅತ್ತಳು. ದೊಡ್ಡವಳು ಅಳಲಿಲ್ಲ, ಉಯ್ಯಾಲೆಯನ್ನು ಮಾತ್ರ ಕೊನೆಗೆ ಒರೆಸು ಎಂದಳು.

ಇದೆಲ್ಲ ನಿಮ್ಮ ಇಲಾಖೆಗೆ ಸಂಬಂಧಿಸಿದ್ದಲ್ಲ ಎನ್ನುತ್ತೀರಿ. ಸಂಬಂಧ ಬರುತ್ತಿದೆ, ತಾಳಿ. ನಮ್ಮ ಸೆಂಟರಿನಲ್ಲಿ ನನ್ನ ಕೆಲಸ ಜನರ ಫೋಟೋ ಸ್ಕ್ಯಾನ್ ಮಾಡಿ ಅಂತರ್ಜಾಲದ ಆರ್ಕುಟ್‌ನಲ್ಲಿ ಅವರ ಆಲ್ಬಮ್ಮಿಗೆ ಹಾಕಿಕೊಡುವುದು. ಹೆಚ್ಚಿನವರಿಗೆ ಹಾಕಲು ಬರುವುದಿಲ್ಲ, ನೋಡಲು ಮಾತ್ರ ಬರುತ್ತದೆ. ಹೀಗಾಗಿ ಜಯನಗರ, ಬನಶಂಕರಿಗಳ ಎಷ್ಟೋ ಹಿತ್ತಲುಗಳು ನನ್ನ ಕೈಮೇಲೆ ಹಾದು ಹೋಗಿವೆ. ಹುಲ್ಲಿನ ಮೇಲೆ ಅಂಬೆಗಾಲಿಡುವ ಕೂಸು, ಸೀಬೆಮರಕ್ಕೆ ಕಟ್ಟಿದ ಉಯ್ಯಾಲೆ, ಗುಲಾಬಿ ಕುಂಡಗಳ ನಡುವೆ ಹುಟ್ಟುಹಬ್ಬದ ಕೇಕು. ಮೊದಮೊದಲು ಏನೂ ಅನಿಸುತ್ತಿರಲಿಲ್ಲ. ಮಕ್ಕಳು ನಡೆಯುವಂತಾದ ಮೇಲೆ ಅನಿಸತೊಡಗಿತು. ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಯಾರು ಮಾಡಿದರೋ, ಅವರಿಗೆ ಅದು ಎಲ್ಲಿ ಉರಿಯುತ್ತದೆಂದು ಸರಿಯಾಗಿ ಗೊತ್ತಿತ್ತು. ಅದರಲ್ಲೂ ನನ್ನ ಜೊತೆ ಎಂಟನೇ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ರವಿಕುಮಾರ ಗಿರಿನಗರದ ತನ್ನ ಮನೆಯ ಹಿಂದಿನ ತೋಟದ ಫೋಟೋ ವಾರಕ್ಕೊಮ್ಮೆ ಹಾಕುತ್ತಿದ್ದ. ಅವನು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡು ನಿದ್ದೆ ಮಾಡಬಹುದಿತ್ತು.

ನೋಡಬೇಡ, ಬಿಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ. ನೋಡುವುದೇ ಹೊಟ್ಟೆಪಾಡಾದವನು ಎಲ್ಲಿ ಬಿಡಲಿ?

ದೀಪಾವಳಿಗೆ ವಿಜಯಲಕ್ಷ್ಮಿಯ ತಮ್ಮ ಡಿಜಿಟಲ್ ಕ್ಯಾಮೆರಾ ತಂದಿದ್ದ. ಬೆಳಿಗ್ಗೆ ಆರೂವರೆಗೆ, ನಿಮ್ಮ ಕಾವಲುಗಾರ ಚಿನ್ನಪ್ಪ ಟೀಗೆ ಹೋದ ಹೊತ್ತು ನೋಡಿ, ಇಬ್ಬರು ಮಕ್ಕಳನ್ನೂ ನಿಮ್ಮ ಉದ್ಯಾನದ ಹುಲ್ಲಿನ ಮೇಲೆ ಕೂರಿಸಿ ಫೋಟೋ ತೆಗೆದೆ. ಫೋಟೋದ ಎಡಮೂಲೆಯಲ್ಲಿ ನಿಮ್ಮ ಫಲಕ ಬಂದಿತ್ತು. "ಹುಲ್ಲಿನ ಮೇಲೆ ಕಾಲಿಡಬಾರದು. ಓಡಬಾರದು. ಆಟವಾಡಬಾರದು. ಚೆಂಡು, ಸೈಕಲ್ ತರಬಾರದು. ಎಲೆ, ಹೂವು ಮುಟ್ಟಬಾರದು." ಉಸಿರಾಡಬಹುದು ಎಂದು ಕೆಳಗೆ ಬರೆಸುವುದನ್ನು ಮರೆತಿದ್ದೀರಿ. ಆ ಫಲಕವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಕೆಳಗೆ "ನಮ್ಮ ಗಾರ್ಡನ್, ಭಾನುವಾರ" ಎಂದು ಬರೆದು ನನ್ನ ಆಲ್ಬಮ್ಮಿಗೆ ಹಾಕಿದೆ. ಮಧ್ಯಾಹ್ನಕ್ಕೆ ರವಿಕುಮಾರನ ಸ್ಕ್ರಾಪ್ ಸಂದೇಶ ಬಂತು: "ಮಗಾ ಸಖತ್! ಸೈಟ್ ಯಾವಾಗ್ ತಗೊಂಡೆ? ಹೇಳ್ಲೇ ಇಲ್ವಲ್ಲೋ!" "ಹೋದ್ ವರ್ಷ ಗುರು, ಚಿಕ್ಕದು" ಎಂದು ಬರೆದೆ.

ವಿಜಯಲಕ್ಷ್ಮಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ಚಿಕ್ಕದಂತೆ! ಹೇಳಿದ್ದೇ ಸುಳ್ಳು, ದೊಡ್ಡದು ಅಂತಾನಾದ್ರೂ ಹೇಳ್ಬಾರ್ದಿತ್ತಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಕ್ಳು ಮುಂದೆ ಮಾತ್ರ ಹಿಂಗೆಲ್ಲ ಮಾಡ್ಬೇಡ" ಎಂದಳು. ಅಷ್ಟರಲ್ಲಿ ನಾನು ಆ ಫೋಟೋದ ಪ್ರಿಂಟ್ ಒಂದನ್ನು ದೊಡ್ಡವಳ ಕೈಗೆ ಕೊಟ್ಟಾಗಿತ್ತು. ಅವಳು ಅದನ್ನು ತರಗತಿಗೆಲ್ಲ ತೋರಿಸಿಯೂ ಆಗಿತ್ತು.

ನನ್ನ ಸುಳ್ಳು ಇಷ್ಟು. ಈಗ ನಿಮ್ಮದಕ್ಕೆ ಬರೋಣ.

ಜನವರಿಯ ಮೊದಲ ವಾರ ನಿಮ್ಮ ಕಚೇರಿಯ ಒಬ್ಬ ಕಿರಿಯ ನೌಕರರು ಒಂದು ಸಿ.ಡಿ. ಹಿಡಿದುಕೊಂಡು ನಮ್ಮ ಸೆಂಟರಿಗೆ ಬಂದರು. ಉದ್ಯಾನಗಳ ಸ್ಪರ್ಧೆಯಲ್ಲಿ ನಮ್ಮ ಉದ್ಯಾನಕ್ಕೆ ಬಹುಮಾನ ಬಂದಿದೆ, ದೊಡ್ಡ ಹೋರ್ಡಿಂಗ್ ಹಾಕಬೇಕು, ಫೋಟೋ ಸರಿಮಾಡಿ ಕೊಡಿ ಎಂದರು. ತೆರೆದು ನೋಡಿದರೆ, ಅದೇ ಹುಲ್ಲಿನ ಮೇಲೆ ಹನ್ನೆರಡು ಮಕ್ಕಳು. ಓಡುತ್ತಿದ್ದಾರೆ. ಚೆಂಡೂ ಇದೆ.

"ಯಾವ್ ಮಕ್ಳು ಸಾರ್ ಇವ್ರು? ನಮ್ಮೇರಿಯಾದಲ್ಲಿ ನೋಡೇ ಇಲ್ಲ" ಎಂದೆ.

"ಸಾಹೇಬ್ರಿಗೆ ಗೊತ್ತಿರೋ ಸ್ಕೂಲು. ವ್ಯಾನಲ್ಲಿ ಕರ್ಸಿದ್ವಿ. ನಗ್ಸೋ ಹೊತ್ಗೆ ಸಾಕ್ ಸಾಕಾಯ್ತು ಗುರು. ಆಮೇಲ್ ನಿಲ್ಸೋಕೆ ಇನ್ನೂ ಸಾಕಾಯ್ತು, ವ್ಯಾನ್ ಹತ್ತಲ್ಲ ಅಂತ ಗಲಾಟೆ!" ಎಂದು ಅವರು ಪರದೆಯ ಎಡಮೂಲೆಗೆ ಬೆರಳಿಟ್ಟರು. "ಅಣ್ಣ, ಈ ಬೋರ್ಡ್ ಒಂದು ತೆಗ್ದುಬಿಡಿ. ಚೆನ್ನಾಗ್ ಕಾಣಲ್ಲ."

ನಾನು ತೆಗೆದೆ. ಕೈಗೆ ಅಭ್ಯಾಸವಿತ್ತು, ಒಂದು ನಿಮಿಷವೂ ಹಿಡಿಯಲಿಲ್ಲ. ಮುಚ್ಚಿಡುವುದೇಕೆ, ಆಗ ನನಗೆ ಕೋಪವೇ ಬರಲಿಲ್ಲ, ಸಮಾಧಾನವಾಯಿತು. ಇಷ್ಟು ದೊಡ್ಡ ಕಚೇರಿಯೇ ನನ್ನ ಹಾಗೆ ಮಾಡುತ್ತದಲ್ಲ, ನನ್ನದೇನು ಮಹಾ ಎಂದುಕೊಂಡೆ. ನಿಮ್ಮ ಹೋರ್ಡಿಂಗ್ ಗೇಟಿನ ಪಕ್ಕ ಎದ್ದು ನಿಂತಿತು: "ಹಸಿರು ಅಂಗಳ, ಮಕ್ಕಳ ನಗು." ಅದರ ಕೆಳಗಿನ ಗೇಟು ಎಂದಿನಂತೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಮುಚ್ಚಿತ್ತು. ಅಂದರೆ ಈ ಊರಿನ ಮಕ್ಕಳು ಶಾಲೆಯಿಂದ ಬಂದು ಆಡಬಹುದಾದ ಎರಡು ಗಂಟೆ ಪೂರ್ತಿ. ಐದೂವರೆಗೆ ತೆರೆದರೆ ವಾಕಿಂಗ್ ಮಾಡುವವರಿಗೆ. ನಾನು ಅವರ ಸಕ್ಕರೆ ಕಾಯಿಲೆಯ ವಿರೋಧಿಯಲ್ಲ. ಆದರೆ ಆರು ವರ್ಷದವಳು ಎದುರಿಗೆ ಬಂದರೆ "ಏಯ್ ಪಕ್ಕಕ್ ಹೋಗಮ್ಮ" ಎನ್ನುವಷ್ಟು ಅವಸರದ ಓಟ ಅವರದು.

ಕಳೆದ ವಾರ ಶಾಲೆಯಲ್ಲಿ ದೊಡ್ಡವಳಿಗೆ ಟೀಚರ್ ಮನೆಗೆಲಸ ಕೊಟ್ಟರು: ನಿಮ್ಮ ಮನೆಯ ಸುತ್ತ ಸಿಗುವ ಐದು ಬಗೆಯ ಎಲೆ ತಂದು ಪುಸ್ತಕಕ್ಕೆ ಅಂಟಿಸಿ. "ಸರ್ವಮಂಗಳಾ ಮನೇಲಂತೂ ಗಾರ್ಡನ್ನೇ ಇದೆ" ಎಂದು ಪಕ್ಕದ ಹುಡುಗಿ ಹೇಳಿದಳಂತೆ. ಬುಧವಾರ ನಾನು ಗಿರಾಕಿಯೊಬ್ಬರ ಕೆಲಸ ಮುಗಿಸಿ ಶಾಲೆಗೆ ಬರುವುದು ಹದಿನೈದು ನಿಮಿಷ ತಡವಾಯಿತು. ಅದು ನನ್ನ ತಪ್ಪು, ನಿಮ್ಮದಲ್ಲ. ತಂಗಿಯನ್ನು ಆಯಾ ಹತ್ತಿರ ಬಿಟ್ಟು ಸರ್ವಮಂಗಳಾ ಒಬ್ಬಳೇ ಉದ್ಯಾನಕ್ಕೆ ಹೋಗಿದ್ದಾಳೆ. ಹಿಂಬದಿಯಲ್ಲಿ ಬಗ್ಗಿದ ಕಂಬಿಯ ಸಂದಿಯಲ್ಲಿ ನುಗ್ಗಿದ್ದಾಳೆ. ಎಲ್ಲೆಲ್ಲೋ ಹುಡುಕಿ ನಾನು ಗೇಟಿಗೆ ಬರುವಾಗ ನಾಲ್ಕೂವರೆ. ನಿಮ್ಮ ಹೋರ್ಡಿಂಗಿನ ಕೆಳಗೆ, ಎಲೆಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನೋಡಪ್ಪ, ಕಳ್ಳಿ ಸಿಕ್ಕವ್ಳೆ" ಎಂದ ಚಿನ್ನಪ್ಪ. "ಕೇಳುದ್ರೆ ಈ ಪಾರ್ಕ್ ಅವ್ರಪ್ಪಂದಂತೆ! ಫೋಟೋ ಅದೆ ಅಂತವ್ಳೆ. ಖಾತೆ ಅದಾ ಕೇಳು."

"ಚಿಕ್ ಮಗು ಚಿನ್ನಪ್ಪಣ್ಣ. ಐದು ಎಲೆ."

"ನಂಗ್ ಗೊತ್ತಿಲ್ವಾ ಚಿಕ್ ಮಗು ಅಂತ? ನಂಗೂ ಮೊಮ್ಮಕ್ಳವ್ರೆ. ಪ್ರೈಜ್ ಬಂದ್ಮೇಲೆ ಸಾಹೇಬ್ರು ದಿನಾ ಬಂದು ಗಿಡ ನೋಡ್ತಾರೆ. ಒಂದ್ ರೆಂಬೆ ಮುರಿದ್ರೆ ನನ್ ಕಾಂಟ್ರಾಕ್ಟ್ ಹೋಯ್ತದೆ. ನೀನ್ ಕೊಟ್ಟೀಯಾ ಕೆಲ್ಸ?"

ಚಿನ್ನಪ್ಪನ ಮೇಲೆ ನನ್ನ ದೂರಿಲ್ಲ. ಇದನ್ನು ಓದಿ ಅವನನ್ನು ಕೆಲಸದಿಂದ ತೆಗೆದರೆ ಇಡೀ ಪತ್ರವನ್ನು ನೀವು ತಲೆಕೆಳಗು ಓದಿದ್ದೀರಿ ಎಂದರ್ಥ. ಅವನ ಬಾಯಿಂದ ಬಂದ ಮಾತು ನಿಮ್ಮ ಫಲಕದ್ದು. ಮಗಳು ಮಾತ್ರ ನನ್ನನ್ನೇ ನೋಡುತ್ತಾ, "ಅಪ್ಪ, ನಮ್ ಗಾರ್ಡನ್ ಅಂತ ನೀನೇ ಬರ್ದಿದ್ಯಲ್ಲ. ನಾನ್ ಸುಳ್ ಹೇಳಿಲ್ಲ" ಎಂದಳು. ನನಗೆ ಜೀವನದಲ್ಲಿ ಯಾರೂ ಹಾಗೆ ಹೊಡೆದಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು, "ಯಾವ್ ಅಸೋಸಿಯೇಷನ್ ನೀವು?" ಎಂದರು. ಬಡಾವಣೆಯ ಯಾವ ನಿವಾಸಿ ಸಂಘದವನೂ ಅಲ್ಲ ಎಂದೆ. "ಬಾಡಿಗೆದಾರ್ರಾ? ಹಂಗಾದ್ರೆ ನಿಮ್ ಓನರ್ ಕೈಲಿ ಅಸೋಸಿಯೇಷನ್‌ಗೆ ಹೇಳ್ಸಿ, ಅವ್ರು ಲೆಟರ್‌ಹೆಡ್‌ನಲ್ಲಿ ಬರ್ದು ಕಳಿಸ್ಲಿ" ಎಂದರು. ನನ್ನ ಮಗಳು ಕಳ್ಳಿಯಲ್ಲ ಎಂದು ಸಪ್ಪಲಮ್ಮನವರು ಅಸೋಸಿಯೇಷನ್ನಿಗೆ ಹೇಳಬೇಕು, ಅಸೋಸಿಯೇಷನ್ ನಿಮಗೆ ಬರೆಯಬೇಕು. ಮೆಟ್ಟಿಲ ಮೇಲಿನ ಸೀಮೆಸುಣ್ಣದ ಹುಲ್ಲನ್ನೇ ಸಹಿಸದವರು ನಿಮ್ಮ ಹುಲ್ಲು ತುಳಿದವಳ ಪರವಾಗಿ ಎಷ್ಟು ಚೆನ್ನಾಗಿ ಬರೆದಾರು, ಊಹಿಸಿ.

ಮಾನ್ಯರೇ, ಸ್ವಂತ ಅಂಗಳವಿರುವವರು ಯಾರು ನಿಮ್ಮ ಉದ್ಯಾನಕ್ಕೆ ಆಡಲು ಬರುತ್ತಾರೆ? ಅಂಗಳ ಇಲ್ಲದವರಿಗಾಗಿ ಅಲ್ಲದಿದ್ದರೆ ಅದು ಯಾರಿಗಾಗಿ? ಸ್ಪರ್ಧೆಯ ತೀರ್ಪುಗಾರರಿಗಾಗಿಯೇ? ಹುಲ್ಲು ಹಾಳಾಗುತ್ತದೆ ಎನ್ನುತ್ತೀರಿ. ಹುಲ್ಲು ಮತ್ತೆ ಬೆಳೆಯುತ್ತದೆ, ಅದರ ಸ್ವಭಾವವೇ ಅದು. ಮಕ್ಕಳೂ ಬೆಳೆದುಬಿಡುತ್ತಾರೆ, ಮತ್ತೆ ಆರು ವರ್ಷಕ್ಕೆ ಬರುವುದಿಲ್ಲ. ಇಷ್ಟು ತಿಳಿಯಲು ಒಂಬತ್ತನೇ ತರಗತಿ ಸಾಕಾಗುತ್ತದೆ. ನಿಮ್ಮ ಪರೀಕ್ಷೆಗಳಲ್ಲಿ ಇದನ್ನು ಕೇಳುವುದಿಲ್ಲವೇನೋ.

ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಒಂದು ಸಂಗತಿ ಕಂಡುಕೊಂಡಿದ್ದೇನೆ. ಒಂದು ಭಾನುವಾರ ಮಕ್ಕಳನ್ನು ಹುಳಿಮಾವು ಕೆರೆಯ ಕಡೆ ಕರೆದುಕೊಂಡು ಹೋಗಿದ್ದೆ. ಏರಿಯ ಇಳಿಜಾರಿನಲ್ಲಿ ಉರುಳಿ ಉರುಳಿ, ಮಣ್ಣಾಗಿ, ಬಸ್ಸಿನಲ್ಲಿ ನನ್ನ ಮೇಲೆ ಮಲಗಿ ಬಂದರು. ಆ ವಾರವೆಲ್ಲ ರವಿಕುಮಾರನ ಉಯ್ಯಾಲೆ ನೋಡಿದರೂ ನನಗೆ ಏನೂ ಆಗಲಿಲ್ಲ. "ಸೂಪರ್" ಎಂದು ಮನಸಾರೆ ಬರೆದೆ. ಅಂದರೆ ನನಗೆ ಅವನ ತೋಟ ಬೇಕಿರಲಿಲ್ಲ. ನನ್ನ ಮಕ್ಕಳ ಮೊಣಕಾಲಿಗೆ ಮಣ್ಣು ಬೇಕಿತ್ತು, ಅಷ್ಟೆ. ಆ ಮಣ್ಣು ನೂರು ಹೆಜ್ಜೆ ದೂರದಲ್ಲಿ, ನಮ್ಮೆಲ್ಲರ ಹೆಸರಿನಲ್ಲಿ, ಕಂಬಿಯ ಆಚೆ ಇದೆ. ಇಲ್ಲದ್ದಕ್ಕೆ ಹೊಟ್ಟೆ ಉರಿದರೆ ನನ್ನ ಸಣ್ಣತನ ಎಂದು ಒಪ್ಪಿಕೊಳ್ಳುತ್ತೇನೆ. ಇದ್ದದ್ದಕ್ಕೆ ಬೀಗ ಹಾಕಿ, ಬಾಡಿಗೆ ಮಕ್ಕಳ ನಗುವನ್ನು ಅದರ ಮೇಲೆ ನೇತುಹಾಕುವುದನ್ನು ಏನೆಂದು ಕರೆಯಬೇಕು?

ನನ್ನ ಬೇಡಿಕೆ ಎರಡು. ಶಾಲೆ ಬಿಡುವ ಮೂರೂವರೆಯಿಂದ ಐದೂವರೆವರೆಗೆ ಗೇಟು ತೆರೆಯಿರಿ, ಮಕ್ಕಳು ಹುಲ್ಲಿನ ಮೇಲೆ ಆಡಲಿ. ಆಗುವುದಿಲ್ಲವೆಂದರೆ ಹೋರ್ಡಿಂಗ್ ಇಳಿಸಿ, ಫಲಕವನ್ನೇ ಅಷ್ಟು ದೊಡ್ಡದಾಗಿ ಬರೆಸಿ ಅಲ್ಲಿ ನಿಲ್ಲಿಸಿ. ಬರೆಸಿದ್ದಾದರೂ ನಿಜವಾಗಿರಲಿ. ಎರಡನೆಯದು, ನೀವು ಗೇಟಿನ ಬಳಿ ಬಂದು ಸರ್ವಮಂಗಳಾಳಿಗೆ ನೀನು ಕಳ್ಳಿಯಲ್ಲ ಎಂದು ಹೇಳಬೇಕು. ನಾನು ಹೇಳಿದ್ದೇನೆ, ಅವಳಮ್ಮ ಹೇಳಿದ್ದಾಳೆ, ಬೇರೆ ಕಡೆ ಎದುರು ಸಿಕ್ಕಾಗ ಚಿನ್ನಪ್ಪನೂ ಎರಡು ಸಲ ಕರೆದು ಹೇಳಿದ. ಅವಳು ನಂಬುವುದಿಲ್ಲ. "ಸಾಹೇಬ್ರು ಹೇಳಿಲ್ವಲ್ಲ" ಎನ್ನುತ್ತಾಳೆ.

ಕಷ್ಟದ ಕೆಲಸವೇನಲ್ಲ. ನನ್ನ ಪಾಲಿನದನ್ನು ಸೋಮವಾರ ಮಾಡಿ ಬಂದಿದ್ದೇನೆ. ರವಿಕುಮಾರನಿಗೆ ನಿಜ ಬರೆದು, ಒಂದನೇ ತರಗತಿಗೆ ಹೋಗಿ ನಲವತ್ತು ಮಕ್ಕಳ ಎದುರು ನಿಂತು, ಆ ಗಾರ್ಡನ್ ನಮ್ಮದಲ್ಲ, ಸುಳ್ಳು ಹೇಳಿದ್ದು ನಾನು, ಇವಳಲ್ಲ ಎಂದೆ. ಹಿಂದಿನ ಬೆಂಚಿನ ಒಬ್ಬ ನಕ್ಕ. ಸರ್ವಮಂಗಳಾ ತಲೆ ತಗ್ಗಿಸಿಯೇ ಇದ್ದಳು. ನಾನು ಬಾಗಿಲು ದಾಟುವಾಗ ಒಮ್ಮೆ ತಲೆಯೆತ್ತಿ ನೋಡಿದಳು. ಒಟ್ಟು ಎರಡು ನಿಮಿಷವಾಯಿತು. ನೀವು ಹೆಚ್ಚು ಓದಿದವರು, ಇನ್ನೂ ಬೇಗ ಮುಗಿಸಬಹುದು. ನಿಮ್ಮ ಎದುರು ಇರುವುದು ಒಬ್ಬಳೇ.

ಇಂತಿ,
ನಿಮ್ಮ ಲೆಕ್ಕದಲ್ಲಿ ಯಾವ ಅಸೋಸಿಯೇಷನ್ನಿಗೂ ಸೇರದ,
ಆ ಹುಡುಗಿಯ ಅಪ್ಪ
ನರೇಂದ್ರ
ಜರಗನಹಳ್ಳಿ, ಫೆಬ್ರವರಿ ೨೦೦೮